ಹಲ್ಲಿಗೆ ತೋರಿಸ್‌ಬ್ಯಾಡ ಕನಪ್ಪ

ನನ್ನ ಬಗ್ಗೆ ನಮ್ಮಮ್ಮನಿಗೆ ಇದ್ದದ್ದು ಒಂದೇ ದೂರು: 'ಇವನಿಗೆ ತಿಂದದ್ದು ಮೈಗೆ ಹತ್ತಲ್ಲ.' ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಯಾರೇ ಬರಲಿ, ಕಾಫಿಯ ಜೊತೆ ಈ ದೂರನ್ನೂ ತಂದಿಡುತ್ತಿದ್ದಳು. ಉಂಡಾದ ಮೇಲೆ ನನ್ನ ಹೊಟ್ಟೆ ಸವರಿ 'ವಾತಾಪಿ ಜೀರ್ಣೋಭವ' ಎಂದು ಹರಸುತ್ತಿದ್ದಳು. ಅಗಸ್ತ್ಯರ ಹೊಟ್ಟೆಯಲ್ಲಿ ಇಡೀ ರಾಕ್ಷಸನೇ ಕರಗಿಹೋದನಂತೆ. ನನ್ನ ಹೊಟ್ಟೆಯಲ್ಲಿ ಎರಡು ಕಡುಬು ಬೆಳಗಿನವರೆಗೂ ಮಾತಾಡಿಕೊಂಡು ಕೂತಿರುತ್ತಿದ್ದವು.

ಅಮ್ಮನ ದೂರಿಗೆ ಲಿಖಿತ ಪುರಾವೆ ಸಿಕ್ಕಿದ್ದು ನನಗೆ 47 ತುಂಬಿದ ವರ್ಷ. ಕಚೇರಿಯಲ್ಲಿ ಎಲ್ಲರಿಗೂ ರಕ್ತಪರೀಕ್ಷೆ ಮಾಡಿಸಿದರು. ನನ್ನ ಹಿಮೋಗ್ಲೋಬಿನ್ 11.2 ಬಂತು, ಗಂಡಸರಿಗೆ 13ಕ್ಕೆ ಕಡಿಮೆ ಇರಬಾರದಂತೆ. ವಿಟಮಿನ್ ಬಿ12 ಕೂಡ ಇರಬೇಕಾದಲ್ಲಿ ಇರಲಿಲ್ಲ. ಡಾಕ್ಟರು ವರದಿಯನ್ನು ನೋಡಿದರು, ಆಮೇಲೆ ಅಂಗಿಯ ಗುಂಡಿಗಳನ್ನು ದೂರದೂರ ತಳ್ಳಿ ನಿಂತಿದ್ದ ನನ್ನ ಹೊಟ್ಟೆಯನ್ನು ನೋಡಿದರು. ಎರಡೂ ಒಬ್ಬನದೇ ಎಂದು ಅವರಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಊಟ ಸರಿಯಾಗಿ ಮಾಡ್ತೀರಾ?"

"ಅದೊಂದರಲ್ಲಿ ಯಾವ ಬಾಕಿಯೂ ಇಟ್ಟಿಲ್ಲ ಡಾಕ್ಟ್ರೇ."

"ತಿನ್ನೋದು ಬೇರೆ, ದಕ್ಕೋದು ಬೇರೆ. ಬೇರೆ ಯಾವುದಾದ್ರೂ ಮಾತ್ರೆ ತಗೋತಿದ್ದೀರಾ?"

"ಏನೂ ಇಲ್ಲ."

ಅವರು ಎರಡು ಮಾತ್ರೆ ಬರೆದು, ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ನಾನು ಚೀಟಿಯನ್ನು ಮಡಚಿ ಪರ್ಸಿನೊಳಗಿಟ್ಟೆ. ನಾನಿರುವುದು ಆಡಿಟ್ ವಿಭಾಗದಲ್ಲಿ, ಅದೂ 22 ವರ್ಷಗಳಿಂದ. ಖಜಾನೆಯಲ್ಲಿ ಸೋರಿಕೆ ಎಲ್ಲಿದೆ ಎಂದು ಪತ್ತೆಮಾಡದೆ ಹೊಸ ಅನುದಾನ ಬಿಡುಗಡೆ ಮಾಡುವುದು ನಮ್ಮಲ್ಲಿ ಮಹಾಪರಾಧ. ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿಯೇ ಬಿಡೋಣ ಎನ್ನಿಸಿತು. ನನ್ನ ಜೀರ್ಣಾಂಗಗಳನ್ನು ಆಡಿಟ್ ಮಾಡಲು ನನ್ನನ್ನು ನಾನೇ ನೇಮಿಸಿಕೊಂಡೆ.

ಮರುದಿನ ಭಾನುವಾರ. ಎದ್ದವನೇ ಎಂದಿನಂತೆ ಗ್ಯಾಸ್ ಮಾತ್ರೆ ನುಂಗಿ, ಮುಖ ತೊಳೆದು, ಮಗಳ ಪಿಯುಸಿ ಜೀವಶಾಸ್ತ್ರದ ಪುಸ್ತಕ ಹಿಡಿದು ಕೂತೆ.

ಮೊದಲ ದಿನವೇ ಬೆರಗಾಯಿತು. ನಾವು ದಿನಕ್ಕೆ ಕುಡಿಯುವುದು ಸುಮಾರು 2 ಲೀಟರ್. ಅದರ ಮೇಲೆ ದೇಹ ತನ್ನ ಕೈಯಿಂದಲೇ 7 ಲೀಟರ್ ರಸ ಸುರಿಯುತ್ತದೆ. ಜೊಲ್ಲು ಒಂದು ಒಂದೂವರೆ ಲೀಟರ್, ಜಠರರಸ 2 ಲೀಟರ್, ಉಳಿದದ್ದು ಪಿತ್ತ, ಮೇದೋಜೀರಕ ಮತ್ತು ಕರುಳಿನ ಬಾಬತ್ತು. ಹೀಗೆ 9 ಲೀಟರ್ ಒಳಗಿಳಿದು, ಕೊನೆಗೆ ಮಲದ ಜೊತೆ ಹೊರಗೆ ಹೋಗುವುದು 100ರಿಂದ 200 ಮಿಲಿಲೀಟರ್. ಉಳಿದದ್ದು ಪೂರಾ ವಾಪಸು ಜಮಾ. ಇಷ್ಟು ಚೊಕ್ಕ ಲೆಕ್ಕವನ್ನು ನನ್ನ ಸೇವಾವಧಿಯಲ್ಲಿ ಯಾವ ಇಲಾಖೆಯೂ ತೋರಿಸಿದ್ದಿಲ್ಲ. ಆಡಿಟ್‌ನವನಿಗೆ ಚೊಕ್ಕ ಲೆಕ್ಕ ಕಂಡರೇ ಅನುಮಾನ.

ಎರಡನೆಯ ದಿನ ಅನುಮಾನಕ್ಕೆ ಆಧಾರವೂ ಸಿಕ್ಕಿತು. ಸಣ್ಣ ಕರುಳು ಹೆಸರಿಗಷ್ಟೇ ಸಣ್ಣದು, ಉದ್ದ ಸುಮಾರು 6 ಮೀಟರ್. ಅದರ ಒಳಮೈ ತುಂಬ ಒಂದು ಮಿಲಿಮೀಟರೂ ಉದ್ದವಿಲ್ಲದ ಬೆರಳಿನಂಥ ಚಾಚುಗಳು. ಆ ಚಾಚುಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕುಚ್ಚು. ಸಾರ ಹೀರುವುದು ಇವೇ. ಇದನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಟೆನ್ನಿಸ್ ಕೋರ್ಟ್ ಆಗುತ್ತದೆ ಎಂದು ಪುಸ್ತಕಗಳು ಬಹಳ ಕಾಲ ಬರೆದುಕೊಂಡು ಬಂದವು. 2014ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಹೊಸದಾಗಿ ಅಳೆದು ನೋಡಿದರೆ, ಇಡೀ ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರ್, ಅಂದರೆ ಅರ್ಧ ಬ್ಯಾಡ್ಮಿಂಟನ್ ಕೋರ್ಟ್! ನನ್ನ ಮೈ ಜುಮ್ಮೆಂದಿತು. ದಾಖಲೆಯಲ್ಲಿ ಟೆನ್ನಿಸ್ ಕೋರ್ಟ್ ಇದ್ದ ಆಸ್ತಿ ಸ್ಥಳಪರಿಶೀಲನೆಯಲ್ಲಿ ಅರ್ಧ ಬ್ಯಾಡ್ಮಿಂಟನ್ ಕೋರ್ಟಿಗೆ ಇಳಿದಿದೆ. ಮಿಕ್ಕ ಜಾಗ ಒತ್ತುವರಿಯಾದದ್ದು ಯಾವಾಗ?

"ರೀ, ತಿಂಡಿ ಆರ್ತಾ ಇದೆ" ಎಂದು ನನ್ನಾಕೆ ಒಳಗಿನಿಂದ ಕೂಗಿದಳು.

"ತಿಂಡಿ ಆರಿದರೆ ಆರಲಿ. ನನ್ನ ಒಳಗೆ ಅರ್ಧ ಬ್ಯಾಡ್ಮಿಂಟನ್ ಕೋರ್ಟ್ ಇದೆ, ಗೊತ್ತಾ ನಿನಗೆ?"

"ಇದ್ರೆ ಇರ್ಲಿ. ಹೊರಗಡೆ ಒಂದು ದಿನ ಆಡಿದ್ದು ನೋಡಿಲ್ಲ."

ಪರಿಶೀಲನೆ ಮುಗಿಯಿತು, ಕ್ರಮ ಶುರುವಾಯಿತು. ಮೊದಲ ಆಕ್ಷೇಪಣೆ ಕಾಫಿಯ ಮೇಲೆ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣವನ್ನು ಕಾಫಿ-ಟೀಗಳ ಒಗರು ಅಂಶ ಕಟ್ಟಿಹಾಕುತ್ತದೆ. ಊಟದ ಜೊತೆಗೇ ಕುಡಿದರೆ ಕಬ್ಬಿಣ ದಕ್ಕುವುದು ಕಡಿಮೆ. ಹಾಗಾಗಿ ತಿಂಡಿಯಾದ ಒಡನೆ ಕುಡಿಯುತ್ತಿದ್ದ ಫಿಲ್ಟರ್ ಕಾಫಿಯನ್ನು ಎರಡು ಗಂಟೆ ಮುಂದೂಡಿದೆ. ಆ ಎರಡು ಗಂಟೆಗಳಲ್ಲಿ ನಾನು ಮಗಳಿಗೆ ಬೈದೆ, ಪೇಪರಿನವನಿಗೆ ಬೈದೆ, ಕಚೇರಿಯ ಲಿಫ್ಟಿಗೆ ಬೈದೆ. ನನ್ನ ರಕ್ತದಲ್ಲಿ ಕಬ್ಬಿಣ ಏರಿತೋ ಇಲ್ಲವೋ, ಮನೆಮಂದಿಯ ರಕ್ತದೊತ್ತಡವಂತೂ ಏರಿತು.

ಎರಡನೆಯ ಕ್ರಮ ನಿಂಬೆಹಣ್ಣು. ವಿಟಮಿನ್ ಸಿ ಜೊತೆಗಿದ್ದರೆ ಅದೇ ಕಬ್ಬಿಣ ಸಲೀಸಾಗಿ ದಕ್ಕುತ್ತದೆ. ಸಾರಿಗೆ ಹಿಂಡಿದೆ, ಪಲ್ಯಕ್ಕೆ ಹಿಂಡಿದೆ. ಒಂದು ಬೆಳಗ್ಗೆ ಅದೇ ಉತ್ಸಾಹದಲ್ಲಿ ರಾಗಿಮಾಲ್ಟ್ ಲೋಟಕ್ಕೂ ಹಿಂಡಿದೆ. ಅದರಲ್ಲಿ ಹಾಲಿತ್ತು. ಕಣ್ಣೆದುರಿಗೇ ಮಾಲ್ಟ್ ಒಡೆದು, ಮೇಲೆ ಗಡ್ಡೆಗಡ್ಡೆ ಹಾಲು, ಕೆಳಗೆ ತಿಳಿನೀರು.

"ಚೆಲ್ಲಿಬಿಡಿ" ಎಂದಳು ಇವಳು.

"ಹೊಟ್ಟೆಗೆ ಹೋದರೂ ಹಾಲು ಒಡೆಯುವುದೇ ಕಣೇ. ಅಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ನಾನು ಅದರ ಕೆಲಸ ಮುಂಚಿತವಾಗಿ ಮುಗಿಸಿದ್ದೇನೆ, ಅಷ್ಟೇ" ಎಂದು ಶಾಸ್ತ್ರ ಹೇಳಿ ಗಟಗಟ ಕುಡಿದೆ. ಶಾಸ್ತ್ರ ಸರಿಯಾಗಿಯೇ ಇತ್ತು. ರುಚಿಯ ಬಗ್ಗೆ ಶಾಸ್ತ್ರದಲ್ಲಿ ಏನೂ ಹೇಳಿರಲಿಲ್ಲ.

ಮೂರನೆಯದು ಅರಿಶಿನ. ಅದರ ಸಾರವಾದ ಕರ್ಕ್ಯುಮಿನ್ ಒಂಟಿಯಾಗಿ ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುವುದು ತೀರಾ ಅಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ದಕ್ಕುವ ಪ್ರಮಾಣ 20 ಪಟ್ಟು ಏರಿತ್ತು. ನಮ್ಮೂರಿನದೇ ಸಂಶೋಧನೆ, ಬಿಡಲಾದೀತೇ? ಲೆಕ್ಕ ಹಾಕಿದೆ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ 3ರ ಆಸುಪಾಸು. ಅಂದರೆ 2 ಗ್ರಾಂ ಬೇಕಾದರೆ ಒಂದು ಹೊತ್ತಿಗೆ ಸುಮಾರು 65 ಗ್ರಾಂ ಅರಿಶಿನ! ಒಂದು ಮದುವೆಯ ಅರಿಶಿನ ಶಾಸ್ತ್ರಕ್ಕೆ ಸಾಕು. ಅಷ್ಟು ಬೇಡವೆಂದು ಎರಡು ಚಮಚಕ್ಕೆ ರಾಜಿಯಾಗಿ, ಮೆಣಸು ಕುಟ್ಟಿ, ತುಪ್ಪದಲ್ಲಿ ಕಲಸಿ ನೆಕ್ಕಿದೆ. ಮೂರು ದಿನ ನನ್ನ ಮೀಸೆ, ಹಲ್ಲು, ಬಿಳಿ ಅಂಗಿಯ ಕೈತುದಿ ಎಲ್ಲ ಹಳದಿ. "ಸಾರ್‌ಗೆ ಎರಡನೇ ಮದುವೆನಾ?" ಎಂದು ಡ್ರೈವರು ಕೇಳಿದನಂತೆ. ನನ್ನ ಹತ್ತಿರ ಅಲ್ಲ, ನನ್ನಾಕೆಯ ಹತ್ತಿರ.

ಇವೆಲ್ಲ ಮನೆಯೊಳಗಿನ ಮಾತಾಯಿತು. ಅವರೆಕಾಳಿನದು ಸಾರ್ವಜನಿಕ ಪ್ರಕರಣ.

ಒಣ ಅವರೆಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಚೆಲ್ಲುವುದು ಇವಳ ಪದ್ಧತಿ. ಒಂದು ದಿನ ನಾನು ಅಡ್ಡಗಟ್ಟಿ, "ಸತ್ವವೆಲ್ಲ ನೀರಲ್ಲಿ ಇಳಿದಿರುತ್ತೆ, ಇದರಲ್ಲೇ ಬೇಯಿಸು" ಎಂದೆ. "ಆಮೇಲೆ ನನ್ನ ಅನ್ಬೇಡಿ" ಎಂದು ಅವಳು ಅದೇ ನೀರಿನಲ್ಲಿ ಬೇಯಿಸಿದಳು. ನೀರಿನಲ್ಲಿ ಇಳಿದದ್ದು ಏನು ಎಂದು ನಾನು ಓದಿದ್ದು ಎರಡು ಬಟ್ಟಲು ಉಂಡಾದ ಮೇಲೆ. ಕಾಳುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿ ಇಲ್ಲವೇ ಇಲ್ಲ. ಆರು ಮೀಟರ್ ಉದ್ದಕ್ಕೂ ಯಾರೂ ಮಾತಾಡಿಸದೆ ದೊಡ್ಡ ಕರುಳಿಗೆ ಬಂದಿಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಉಂಡು ತೇಗುವ ಬದಲು ಅವು ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಕಾಳು ನೆನೆಸಿದ ನೀರನ್ನು ಅಜ್ಜಿಯರು ಚೆಲ್ಲುತ್ತಿದ್ದದ್ದು ಈ ಸಕ್ಕರೆಯಲ್ಲಿ ಒಂದಿಷ್ಟನ್ನು ಬಾಗಿಲಾಚೆಯೇ ಸಾಗಹಾಕಲು.

ಅಂದು ಹನ್ನೊಂದು ಗಂಟೆಗೆ ಪರಿಶೀಲನಾ ಸಭೆ. ಎಸಿ ಕೋಣೆ, ಮುಚ್ಚಿದ ಕಿಟಕಿ, ಹದಿನಾಲ್ಕು ಜನ. ಹೊಟ್ಟೆಯೊಳಗೆ ದೂರದ ಗುಡುಗಿನಂಥ ಸದ್ದು. ಕೆಮ್ಮಿ ಮುಚ್ಚಿದೆ, ಕುರ್ಚಿ ಎಳೆದು ಮುಚ್ಚಿದೆ. ಆದರೆ ಸದ್ದನ್ನು ಮುಚ್ಚಿದಂತೆ ಎಲ್ಲವನ್ನೂ ಮುಚ್ಚಲಾಗುವುದಿಲ್ಲ. ಈ ಅನಿಲದಲ್ಲಿ ನೂರಕ್ಕೆ 99 ಪಾಲಿಗೂ ಹೆಚ್ಚು ಭಾಗಕ್ಕೆ ವಾಸನೆಯೇ ಇಲ್ಲ. ಮಿಕ್ಕ ಚೂರುಪಾರು ಗಂಧಕದ ಸಂಯುಕ್ತಗಳದ್ದೇ ಎಲ್ಲ ಕಾರುಬಾರು. ಆಡಿಟ್‌ನವರಾದ ನಮಗೆ ಇದು ಹೊಸದಲ್ಲ. ಸಾಹೇಬರು ಮೂಗು ಅರಳಿಸಿ ಸುತ್ತ ನೋಡಿ, "ಪಕ್ಕದ ಡ್ರೈನೇಜ್ ಪೈಪು ಒಡೆದಿರಬೇಕು, ಕಟ್ಟಡದವರಿಗೆ ಒಂದು ಪತ್ರ ಹಾಕ್ರೀ" ಎಂದರು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ನಾನೇ. ಮುಂದಿನ ತಿಂಗಳು ಡ್ರೈನೇಜ್ ಪೈಪು ಶುಚಿಗೊಳಿಸಿದ ಬಿಲ್ಲು ಆಡಿಟ್‌ಗೆಂದು ನನ್ನ ಮೇಜಿಗೇ ಬಂತು. ಒಂದೂ ಆಕ್ಷೇಪಣೆ ಎತ್ತದೆ ಪಾಸು ಮಾಡಿದೆ. 22 ವರ್ಷಗಳಲ್ಲಿ ಅದೇ ಮೊದಲು.

ಇಷ್ಟಾದರೂ ಬುದ್ಧಿ ಬರದೆ ನಾನು ಹೊರೇಸ್ ಫ್ಲೆಚರ್ ಎಂಬ ಅಮೆರಿಕನ್ನನ ಕೈಗೆ ಸಿಕ್ಕಿದೆ. 1919ರಲ್ಲಿ ತೀರಿಕೊಂಡ ಈ ಮನುಷ್ಯ ಸಾರುತ್ತಾ ಬಂದದ್ದು ಒಂದೇ ಮಾತು: ಅಗಿಯಿರಿ. ತುತ್ತು ನೀರಾಗುವವರೆಗೆ ಅಗಿಯಿರಿ. ಹಾಲನ್ನೂ ಹಾಗೇ ಕುಡಿಯಬೇಡಿ, ಅಗಿಯಿರಿ. ಅವನ ಹೆಸರೇ ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದವಾಯಿತು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಗ್ಲ್ಯಾಡ್‌ಸ್ಟನ್ ಪ್ರತಿ ತುತ್ತನ್ನೂ 32 ಸಲ, ಹಲ್ಲಿಗೊಂದರಂತೆ, ಅಗಿಯುತ್ತಿದ್ದ ಎಂಬ ಮಾತೂ ಪ್ರಚಾರದಲ್ಲಿತ್ತು. ನನಗೆ ಹಲ್ಲಿರುವುದು 29. ಹಲ್ಲಿಗೊಂದರಂತೆ 29 ಸಲವೋ, ನಿಯಮದಂತೆ 32 ಸಲವೋ ಎಂದು ಒಂದು ಸಂಜೆಯೆಲ್ಲ ಯೋಚಿಸಿ, ಖಾಲಿ ಹುದ್ದೆಗಳ ಕೆಲಸವನ್ನು ಇರುವ ಸಿಬ್ಬಂದಿಯೇ ನಿಭಾಯಿಸಬೇಕೆಂದು ತೀರ್ಮಾನಿಸಿದೆ.

ಇದರಲ್ಲೂ ಅರ್ಧ ಸತ್ಯ ಉಂಟು. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಬಾಯಲ್ಲೇ ಪಿಷ್ಟವನ್ನು ಒಡೆಯತೊಡಗುತ್ತದೆ. ಬರೀ ಅನ್ನವನ್ನು ಅಗಿಯುತ್ತಲೇ ಇದ್ದರೆ ನಿಧಾನವಾಗಿ ಸಿಹಿಯಾಗುತ್ತದೆ. ಮಗಳಿಗೆ ಇದನ್ನು ಮಾಡಿ ತೋರಿಸಿ, "ನೋಡು ಪುಟ್ಟಿ, ಇಪ್ಪತ್ತೆಂಟನೇ ಸಲಕ್ಕೆ ಸಿಹಿ ಬಂತು" ಎಂದೆ. "ಅಪ್ಪಾ, ಸಕ್ಕರೆ ಹಾಕ್ಕೊಂಡ್ರೆ ಮೊದಲನೇ ಸಲಕ್ಕೇ ಬರುತ್ತೆ" ಎಂದಳು.

ಹೀಗೆ ಅಗಿಯುವ ವ್ರತ ಎರಡನೇ ವಾರಕ್ಕೆ ಕಾಲಿಟ್ಟಾಗ ಮದ್ದೂರಿನ ಹತ್ತಿರದ ನನ್ನ ಮಾವನ ಮನೆಯಿಂದ ಕರೆ ಬಂತು. ಭಾವಮೈದನ ಮದುವೆಯ ಬೀಗರೂಟ.

ಒಂದು ಗುಟ್ಟು ಹೇಳಿಬಿಡುತ್ತೇನೆ. ಮದುವೆಯಾಗಿ 19 ವರ್ಷವಾದರೂ ನನಗೆ ಮುದ್ದೆ ನುಂಗಲು ಬರುತ್ತಿರಲಿಲ್ಲ. ನಾನು ಅನ್ನದ ಕಡೆಯವನು. ಮಾವನ ಮನೆಯಲ್ಲಿ ಪ್ರತಿ ಸಲವೂ 'ನನಗೆ ಅನ್ನ ಸಾಕು' ಎಂದು ಜಾರಿಕೊಳ್ಳುತ್ತಿದ್ದೆ. ಆದರೆ ಈಗ ನಾನು ಓದಿದವನು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿನಲ್ಲಿರುವುದರ ಸರಿಸುಮಾರು ಮೂರು ಪಟ್ಟು. ಶಾಮಿಯಾನದ ಕೆಳಗೆ, ಇನ್ನೂರು ಜನರ ಪಂಕ್ತಿಯಲ್ಲಿ, ಬಡಿಸುವ ಹುಡುಗ "ಅಣ್ಣಾ, ನಿಮ್ಗೆ ಅನ್ನ ಅಲ್ವಾ?" ಎಂದಾಗ, ನಾಲ್ಕು ಜನಕ್ಕೆ ಕೇಳುವಂತೆ "ಮುದ್ದೆ ಹಾಕಪ್ಪ!" ಎಂದೆ. ಪಕ್ಕದಲ್ಲಿದ್ದ ಮಾವನವರ ಮುಖ ಅರಳಿತು. 19 ವರ್ಷದಲ್ಲಿ ಅಳಿಯ ಮೊದಲ ಬಾರಿ ಮನುಷ್ಯನಂತೆ ಮಾತಾಡಿದ್ದ.

ಎಲೆಯ ಮೇಲೆ ಮುದ್ದೆ ಬಂತು. ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ಕಪ್ಪಗೆ, ನುಣ್ಣಗೆ, ಹೊಗೆಯಾಡುತ್ತಿತ್ತು. ಪಕ್ಕಕ್ಕೆ ಬೋಟಿ ಗೊಜ್ಜು, ಮಟನ್ ಸಾರು. ಬೋಟಿ ಎಂದರೆ ಕರುಳು ತಾನೇ? ನಾನು ತಿಂಗಳಿಂದ ಓದುತ್ತಿದ್ದ ಅಂಗವೇ ಬೆಂದು ಎದುರಿಗೆ ಬಂದಿದೆ! ಉತ್ಸಾಹ ತಡೆಯಲಾಗದೆ ಒಂದು ತುಂಡನ್ನು ಎತ್ತಿ ಹಿಡಿದು, ಎಡಗಡೆ ಕೂತಿದ್ದ ನೆಂಟರಿಗೆ ವಿವರಿಸಿದೆ: "ಈ ಒಳಮೈ ನೋಡಿ, ನಮ್ಮೊಳಗೂ ಹೀಗೇ. ಇದರ ಗೋಡೆಯ ಜೀವಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಉದುರಿ ಹೊಸದಾಗಿ ಹುಟ್ಟುತ್ತವೆ. ಜೀರ್ಣವಾದದ್ದೆಲ್ಲ ಇದರ ಮೂಲಕವೇ..." ಅವರು ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ನೋಡಿದರು, ನನ್ನನ್ನು ನೋಡಿದರು, ತುತ್ತನ್ನು ಎಲೆಗೆ ವಾಪಸಿಟ್ಟು ಬಾಳೆಹಣ್ಣು ಸುಲಿದರು.

ನಾನು ಮುದ್ದೆ ಮುರಿದು ಬಾಯಿಗಿಟ್ಟು, ನಿಯಮದಂತೆ ಅಗಿಯತೊಡಗಿದೆ.

ಐದನೆಯ ಸಲಕ್ಕೆ ಮುದ್ದೆ ಹಲ್ಲಿನ ಮೇಲ್ಸಾಲಿಗೆ ಮೆತ್ತಿತು. ಹತ್ತಕ್ಕೆ ಅಂಗಳಕ್ಕೆ ಗಾರೆ ಬಳಿದಂತೆ ಬಳಿದುಕೊಂಡಿತು. ಹದಿನೈದಕ್ಕೆ, ಕಿತ್ತ ದವಡೆಹಲ್ಲಿನ ಖಾಲಿ ಜಾಗದಲ್ಲಿ ಒಂದು ಪಾಲು ಕಾಯಂ ಆಯಿತು. ಇಪ್ಪತ್ತಕ್ಕೆ ನಾಲಿಗೆ ಮೇಲೇಳಲಿಲ್ಲ. ಅಷ್ಟರಲ್ಲಿ ಸುತ್ತಲಿನವರು ಮುದ್ದೆ ಮುಗಿಸಿ ಅನ್ನಕ್ಕೆ ಬಂದಿದ್ದರು.

ಬೀಗರೂಟ ಕಂಡವರಿಗೆ ಇನ್ನೊಂದು ಸಂಗತಿ ಗೊತ್ತು. ಮುಂದಿನ ಪಂಕ್ತಿಯವರು ಹೊರಗೆ ಕಾಯುವುದಿಲ್ಲ. ನಿಮ್ಮ ಕುರ್ಚಿಯ ಹಿಂದೆಯೇ ಬಂದು, ಅದರ ಬೆನ್ನ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ನನ್ನ ಹಿಂದೆ ಬಿಳಿ ಪಂಚೆಯ, ಹೆಗಲ ಮೇಲೆ ಟವೆಲ್ಲಿನ ದೊಡ್ಡ ಮೀಸೆಯವರೊಬ್ಬರು ನಿಂತಿದ್ದರು. ಅವರ ಉಸಿರು ನನ್ನ ನೆತ್ತಿಗೆ ತಾಕುತ್ತಿತ್ತು. "ಯಜಮಾನ್ರೇ, ಇನ್ನೂ ಎಸ್ಟೊತ್ತು?" ಎಂದರು. ಉತ್ತರ ಕೊಡಲು ಬಾಯಿಲ್ಲ. ಕೈಯೆತ್ತಿ, ಐದು ಬೆರಳು ಬಿಡಿಸಿ, 'ಐದು ನಿಮಿಷ' ಎಂದು ಸನ್ನೆ ಮಾಡಿದೆ. ಬಡಿಸುವ ಹುಡುಗ ಅದನ್ನು 'ಇಲ್ಲಿ ಬಾ' ಎಂದು ತಿಳಿದು ಓಡಿಬಂದು, ಎಲೆಯ ಮೇಲೆ ಇನ್ನೊಂದು ಮುದ್ದೆ ಇಟ್ಟ.

"ಭಾವ, ಏನಾಯ್ತು? ಇಟ್ಟು ಬೆಂದಿಲ್ವಾ?" ಎಂದು ಮದುಮಗನೇ ಹಾರದ ಸಮೇತ ಬಂದ. ಅಡುಗೆಯವರಿಗೆ ಹೇಳಿಕಳಿಸಿದರು. ಅಡುಗೆಯವನು ಮುದ್ದೆ ತಿರುವುವ ಕೋಲನ್ನು ಕೈಯಲ್ಲಿ ಹಿಡಿದೇ ಬಂದು, ಸೊಂಟಕ್ಕೆ ಕೈಯಿಟ್ಟು ನಿಂತು, "ಮೂವತ್ತ್ ವರ್ಸದಿಂದ ಇಟ್ಟು ಬೇಯಿಸ್ತಿವ್ನಿ, ಒಬ್ರೂವೆ ಅಗ್ದು ನೋಡ್ನಿಲ್ಲ" ಎಂದ. ಇಡೀ ಪಂಕ್ತಿ ಅನ್ನ ಮುಗಿಸಿ, ಹಿರಿಯರು ಏಳಲಿ ಎಂದು ಕಾಯುತ್ತಿತ್ತು. ಹಿರಿಯರು ಅಳಿಯ ಮುಗಿಸಲಿ ಎಂದು ಕಾಯುತ್ತಿದ್ದರು. ಅಳಿಯ ಇಪ್ಪತ್ತಾರನೆಯ ಸಲ ಅಗಿಯುತ್ತಿದ್ದ.

ಗಾಬರಿಯಲ್ಲಿ ಲೆಕ್ಕ ತಪ್ಪಿತು. ಆದದ್ದಾಗಲಿ ಎಂದು ಎಲ್ಲವನ್ನೂ ಒಟ್ಟುಗೂಡಿಸಿ ಒಮ್ಮೆಲೇ ನುಂಗಿದೆ. ಅನ್ನನಾಳ ಇರುವುದು 25 ಸೆಂಟಿಮೀಟರ್. ಅದರ ಸ್ನಾಯುಗಳು ಅಲೆಅಲೆಯಾಗಿ ಹಿಸುಕಿ ತುತ್ತನ್ನು ಹತ್ತು ಸೆಕೆಂಡಿನೊಳಗೆ ಕೆಳಗಿಳಿಸುತ್ತವೆ, ತಲೆಕೆಳಗಾಗಿ ನಿಂತರೂ ಇಳಿಸುತ್ತವೆ ಎಂದು ಓದಿದ್ದೆ. ನನ್ನದು ಎದೆಯ ನಡುವೆ ಧರಣಿ ಕೂತಿತು. ಹಿಂದೆಯೇ ಬಿಕ್ಕಳಿಕೆ ಶುರುವಾಯಿತು. ಮೀಸೆಯವರು ಬೆನ್ನಿಗೆ ಗುದ್ದಿದರು. ನನ್ನನ್ನು ಉಳಿಸಲೋ ಎಬ್ಬಿಸಲೋ, ಇವತ್ತಿಗೂ ತಿಳಿದಿಲ್ಲ. ವಧೂವರರ ಜೊತೆ ತೆಗೆಸಿಕೊಂಡ ಫೋಟೋದಲ್ಲಿ ಎಲ್ಲರೂ ನಿಚ್ಚಳವಾಗಿದ್ದಾರೆ, ನಾನೊಬ್ಬ ಅಲ್ಲಾಡಿದ್ದೇನೆ.

ಆಗ ಬಂದವರು ನನ್ನಾಕೆಯ ಅಜ್ಜಿ. ವಯಸ್ಸು 88, ಹಲ್ಲು ಎರಡು. ಪಕ್ಕಕ್ಕೆ ಕೂರಿಸಿಕೊಂಡು, ಉಳಿದಿದ್ದ ಮುದ್ದೆಯಿಂದ ನೆಲ್ಲಿಕಾಯಿಯಷ್ಟನ್ನು ಚಿವುಟಿ, ಬೆರಳಲ್ಲೇ ಉರುಳಿಸಿ, ಹೆಬ್ಬೆರಳಿಂದ ಒಂದು ಗುಳಿ ಮಾಡಿ, ಸಾರಿನಲ್ಲಿ ಹೊರಳಿಸಿ ತೋರಿಸಿದರು.

"ಹಲ್ಲಿಗೆ ತೋರಿಸ್‌ಬ್ಯಾಡ ಕನಪ್ಪ. ಇಟ್ಟು ಅಂದ್ರೆ ನೆಂಟ್ರು ಇದ್ದಂಗೆ. ಬಾಗ್ಲಲ್ಲೇ ನಿಲ್ಲಿಸ್ಕಂಡು ಇಚಾರುಸ್ಬಾರ್ದು. ಸೀದಾ ಒಳೀಕೆ ಕರ್ಕಂಡ್‌ಬುಡ್ಬೇಕು."

ಅದು ಸೀದಾ ಒಳಗೆ ಹೋಯಿತು. ಬಾಯಲ್ಲಿ ಬಿಟ್ಟುಹೋದ ಪಿಷ್ಟದ ಕೆಲಸವನ್ನು ಮೇದೋಜೀರಕದ ಅಮೈಲೇಸ್ ಸಣ್ಣ ಕರುಳಿನಲ್ಲಿ ಪೂರೈಸುತ್ತದೆ ಎಂದು ಮಗಳ ಪುಸ್ತಕದಲ್ಲೇ ಮುಂದಿನ ಪುಟದಲ್ಲಿ ಇತ್ತು. ನಾನು ಆ ಪುಟ ತಿರುವಿರಲಿಲ್ಲ.

ರಾತ್ರಿ ಹೊಟ್ಟೆಯಲ್ಲಿ ಒರಳುಕಲ್ಲು ಇಟ್ಟಂತೆ ಭಾರ. ನೆನಪಾದದ್ದು ಅಲೆಕ್ಸಿಸ್ ಸೇಂಟ್ ಮಾರ್ಟಿನ್. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಆಕಸ್ಮಿಕವಾಗಿ ಗುಂಡು ತಗುಲಿ, ಗಾಯ ಮಾಗಿದರೂ ಹೊಟ್ಟೆಯಲ್ಲಿ ಒಂದು ತೂತು ಹಾಗೇ ಉಳಿದುಕೊಂಡ ಮನುಷ್ಯ. ವಿಲಿಯಂ ಬೋಮಾಂಟ್ ಎಂಬ ಸೇನಾ ವೈದ್ಯ ಆ ತೂತಿನಿಂದ ರೇಷ್ಮೆ ದಾರಕ್ಕೆ ಮಾಂಸ, ಬ್ರೆಡ್ಡು, ಕೋಸು ಕಟ್ಟಿ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡುತ್ತಿದ್ದ. ಬಾವಿಗೆ ಬಿಂದಿಗೆ ಬಿಟ್ಟಂತೆ! ಹೊಟ್ಟೆಯಲ್ಲಿ ಜೀರ್ಣ ಮಾಡುವುದು ಒಂದು ರಸ ಎಂದು ಜಗತ್ತಿಗೆ ತೋರಿಸಿದ್ದು 1833ರಲ್ಲಿ ಬಂದ ಅವನ ಪುಸ್ತಕ. ಸೇಂಟ್ ಮಾರ್ಟಿನ್‌ಗೆ ಸಿಟ್ಟು ಬಂದಾಗ ಜೀರ್ಣ ಕೆಡುತ್ತಿತ್ತು ಎಂಬುದನ್ನೂ ಅವನು ಗಮನಿಸಿದ್ದ. ದಿನವಿಡೀ ಹೊಟ್ಟೆಯೊಳಗೆ ಇಣುಕುತ್ತಿದ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಡಾಕ್ಟರು ತೀರಿಕೊಂಡದ್ದು 1853ರಲ್ಲಿ. ತೂತು ಹೊಟ್ಟೆಯವನು 1880ರವರೆಗೂ ಬದುಕಿದ. ಇಣುಕಿ ನೋಡಿದವನಿಗಿಂತ ಇಣುಕಿಸಿಕೊಂಡವನ ಜೀವವೇ ಗಟ್ಟಿ. ನಾನು ಎರಡೂ ಆಗಿದ್ದೆ. ಯಾವುದಕ್ಕೂ ಇರಲಿ ಎಂದು ಗ್ಯಾಸ್ ಮಾತ್ರೆ ಎರಡು ನುಂಗಿ ಮಲಗಿದೆ.

ಬೆಳಗ್ಗೆ ಜಗುಲಿಯಲ್ಲಿ ಅಜ್ಜಿ ಬೆಳ್ಳುಳ್ಳಿ ಬಿಡಿಸುತ್ತಿದ್ದರು, ಉಪ್ಸಾರಿನ ಖಾರಕ್ಕೆ. ನನಗೆ ಅಲ್ಲೂ ತಡೆಯಲಾಗಲಿಲ್ಲ. ಧಾನ್ಯ, ಕಾಳುಗಳ ಕಬ್ಬಿಣ, ಸತು ಈರುಳ್ಳಿ-ಬೆಳ್ಳುಳ್ಳಿ ಜೊತೆಗಿದ್ದರೆ ಹೆಚ್ಚು ದಕ್ಕುತ್ತದೆ ಎಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು 2010ರಲ್ಲಿ ಪ್ರಯೋಗಾಲಯದಲ್ಲಿ ಕಂಡುಕೊಂಡದ್ದನ್ನು ಹೇಳಿದೆ. ಅಲ್ಲಿಂದ ಹಿಂದೆ ಹೋಗಿ, ಆಮ್ಲ, ಕಿಣ್ವ, ಪಿತ್ತ, ಒಂಬತ್ತು ಲೀಟರ್, ಬ್ಯಾಡ್ಮಿಂಟನ್ ಕೋರ್ಟ್ ಎಲ್ಲವನ್ನೂ ಒಪ್ಪಿಸಿದೆ. ಅಜ್ಜಿ ಕೊನೆಯ ಎಸಳು ಬಿಡಿಸುವವರೆಗೂ ಕೇಳಿ, ಸಿಪ್ಪೆ ಊದಿ, ಕೇಳಿದರು:

"ಇಸ್ಟೆಲ್ಲ ಒಳ್ಗಡೆ ಅದ್ರ ಪಾಡ್ಗೆ ಅದಾಯ್ತದಾ?"

"ಹೌದಜ್ಜಿ."

"ಮತ್ ನೀನ್ಯಾಕಪ್ಪ ನಡುವ್ಕೆ ಹೋಗೀಯೆ?"

ಮೂರು ತಿಂಗಳಾಯಿತು. ಎರಡನೆಯ ವರದಿ ಬಂತು. ಹಿಮೋಗ್ಲೋಬಿನ್ 11.1. ಇಷ್ಟೆಲ್ಲ ನಿಂಬೆ, ಮೆಣಸು, ಅಗಿತಗಳ ಫಲವಾಗಿ ಒಂದು ದಶಾಂಶ ಕೆಳಗಿಳಿದಿದ್ದೆ. ಈ ಸಲ ಡಾಕ್ಟರ ಎದುರಿಗೆ ನನ್ನಾಕೆಯೂ ಕೂತಿದ್ದಳು.

"ಬೇರೆ ಮಾತ್ರೆ ಏನೂ ಇಲ್ಲ ಅಂದ್ರಲ್ಲ, ನಿಜಾನಾ?"

"ಏನೂ ಇಲ್ಲ ಡಾಕ್ಟ್ರೇ."

"ರೀ, ಬೆಳಗ್ಗೆ ಬೆಳಗ್ಗೆ ನುಂಗ್ತೀರಲ್ಲ, ಗ್ಯಾಸ್ ಮಾತ್ರೆ?" ಎಂದಳು ಇವಳು.

"ಅದು ಮಾತ್ರೆ ಅಲ್ಲ ಕಣೇ, ಅಭ್ಯಾಸ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಷ್ಟು ವರ್ಷದಿಂದ?"

"ಏಳು."

"ಬರೆದುಕೊಟ್ಟೋರು ಯಾರು?"

"ನಮ್ಮ ಕ್ಯಾಷಿಯರ್ರು. ಅವರಿಗೂ ಗ್ಯಾಸ್ಟ್ರಿಕ್ಕು."

ಆಮೇಲೆ ಅವರು ಬಹಳ ಶಾಂತವಾಗಿ ವಿವರಿಸಿದರು. ನಾನು ನುಂಗುತ್ತಿದ್ದ ಮಾತ್ರೆ ಗ್ಯಾಸನ್ನು ತೆಗೆಯುವುದಲ್ಲ, ಜಠರದಲ್ಲಿ ಆಮ್ಲ ಸುರಿಯುವ ಪಂಪನ್ನೇ ನಿಲ್ಲಿಸುವುದು. ರಾಗಿ, ಸೊಪ್ಪಿನ ಕಬ್ಬಿಣ ಕರಗಿ ಕರುಳಿಗೆ ದಕ್ಕಬೇಕಾದರೆ ಆ ಆಮ್ಲ ಬೇಕು. ಮಾಂಸದ ಪ್ರೋಟೀನಿಗೆ ಅಂಟಿಕೊಂಡ ಬಿ12 ಬಿಡಿಸಿಕೊಂಡು ಬರಬೇಕಾದರೂ ಅದೇ ಆಮ್ಲ ಬೇಕು. ಹುಣ್ಣು, ತೀವ್ರ ಎದೆಯುರಿ ಇದ್ದವರಿಗೆ ಈ ಮಾತ್ರೆ ಬೇಕೇ ಬೇಕು, ಅವರು ತಾವಾಗಿ ಬಿಡಬಾರದು. ಆದರೆ ವರ್ಷಗಟ್ಟಲೆ ಯಾರನ್ನೂ ಕೇಳದೆ ನುಂಗಿದರೆ ಇಂಥ ವರದಿ ಬರಬಹುದು. "ನಿಮಗೂ ಒಮ್ಮೆಲೇ ನಿಲ್ಲಿಸೋದು ಬೇಡ, ನಾನು ಹೇಳಿದ ಹಾಗೆ ಇಳಿಸ್ತಾ ಬನ್ನಿ. ಪರ್ಸಿನಲ್ಲಿರೋ ಹಳೇ ಚೀಟಿ ತೆಗೆದು ಆ ಮಾತ್ರೆಗಳನ್ನ ಶುರು ಮಾಡಿ" ಎಂದರು. ಚೀಟಿ ಪರ್ಸಿನಲ್ಲಿದೆ ಎಂದು ಅವರಿಗೆ ಹೇಳಿದವರು ಯಾರೆಂದು ನಾನು ಕೇಳಲಿಲ್ಲ.

ಕಾಫಿಯ ಮೇಲೆ, ಕಾಳಿನ ನೀರಿನ ಮೇಲೆ, ಹೆಂಡತಿಯ ಅಡುಗೆಯ ಮೇಲೆ ಆಕ್ಷೇಪಣೆ ಎತ್ತಿದ ಆಡಿಟರ್, ಪ್ರತಿ ಬೆಳಗ್ಗೆ ತನ್ನ ಕೈಯಿಂದಲೇ ಖಜಾನೆಗೆ ಬೀಗ ಹಾಕಿ, ಸಂಜೆಯವರೆಗೆ ಸೋರಿಕೆ ಹುಡುಕುತ್ತಿದ್ದ.

ಆರು ತಿಂಗಳಿಗೆ ಹಿಮೋಗ್ಲೋಬಿನ್ 13.2ಕ್ಕೆ ಬಂತು. ಕಾಫಿಯೂ ಹಿಂದಿರುಗಿತು, ಊಟಕ್ಕೆ ಸ್ವಲ್ಪ ದೂರದಲ್ಲಿ. ಮುದ್ದೆಯನ್ನು ಈಗ ಚೆನ್ನಾಗಿಯೇ ನುಂಗುತ್ತೇನೆ, ಸಣ್ಣದಾದರೆ. ಫ್ಲೆಚರನ ಹೆಸರು ನಿಘಂಟು ಸೇರಿದಂತೆ ನನ್ನದೂ ಒಂದು ಕಡೆ ಸೇರಿದೆ. ಮೊನ್ನೆ ಮಾವನ ಮನೆಯ ಕಡೆಯ ಒಂದು ನಾಮಕರಣಕ್ಕೆ ಹೋಗಿದ್ದೆವು. ಪಂಕ್ತಿಯ ಆ ತುದಿಯಲ್ಲಿ ಯಾರೋ ಪಟ್ಟಣದ ಹುಡುಗ, "ಇಷ್ಟು ದೊಡ್ಡದು ನನಗಾಗಲ್ಲ" ಎಂದ. ಬಡಿಸುವವನು ಅಡುಗೆಮನೆಯ ಕಡೆ ತಿರುಗಿ ಕೂಗಿದ:

"ಇಲ್ಲಿಗೊಂದು ಅಳೀಮಯ್ಯನ್ ಸೈಜ್ ಮುದ್ದೆ ತಕ್ಕ ಬಾರ್ಲಾ!"